ದ್ವಿನಾ ಹೊಳೆಯ ಹಳ್ಳಿಯಲ್ಲಿ ನನ್ನ ತಾಳಿಗೆ ಸಿಕ್ಕ ರಸೀದಿ

ಹೊಳೆಯೇ ಇಲ್ಲದ ಸೀಮೆಯಲ್ಲಿ ಹುಟ್ಟಿದವಳು ನಾನು. ನಮ್ಮ ಗೌನಿಪಲ್ಲಿಯಲ್ಲಿ ನೀರು ಅಂದರೆ ಕೆರೆ, ಬಾವಿ, ಇಲ್ಲವೇ ಮೋಡ. ಪಾಲಾರ್ ಎಂಬ ಹೊಳೆ ನಮ್ಮ ಜಿಲ್ಲೆಯಲ್ಲೇ ಇದೆ ಎಂದು ಶಾಲೆಯಲ್ಲಿ ಓದಿದ್ದೆ. ನೋಡಲು ಹೋದಾಗ ಅದರಲ್ಲಿ ಮರಳಿತ್ತು, ಮರಳಿನ ಮೇಲೆ ಕುರಿ ಮಂದೆ ಮಲಗಿತ್ತು. ಅಂಥವಳನ್ನು ದೇವರು ಕೈಹಿಡಿದು ರಷ್ಯಾ ದೇಶದ ಉತ್ತರದ ತುದಿಗೆ, ಆಚೆ ದಡ ಕಣ್ಣಿಗೆ ಸರಿಯಾಗಿ ಕಾಣದಂಥ ದ್ವಿನಾ ಎಂಬ ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ, ಕ್ಷೇಮವಾಗಿ ವಾಪಸ್ಸು ತಂದು ಬಿಟ್ಟ. ಊರಿಗೆ ಬಂದ ಮೇಲೆ ಹೆಂಗಸರೆಲ್ಲ ಮಾಸ್ಕೋ ಪಟ್ಟಣದ ಸಂಗತಿಯನ್ನೇ ಕೇಳುತ್ತಾರೆ. ಪಟ್ಟಣ ಎಲ್ಲ ಕಡೆಯೂ ಪಟ್ಟಣವೇ. ನನಗೆ ಹೇಳಬೇಕು ಅನ್ನಿಸುವುದು ಆ ಹಳ್ಳಿಯ ಸಂಗತಿ.

ರೈಲು

ನಮ್ಮ ಯಜಮಾನರು ಶ್ರೀನಿವಾಸಪುರದಲ್ಲಿ ಶೇಕ್ದಾರರಾಗಿದ್ದವರು. ಹೋಬಳಿಯ ಕಂದಾಯ, ಗಡಿ ಕಲ್ಲು, ಒಡೆದ ತೂಬು, ಇವೇ ಅವರ ಪ್ರಪಂಚ. ಸ್ವಾತಂತ್ರ್ಯ ಬಂದ ಮೇಲೆ ಅದೃಷ್ಟ ದಿಲ್ಲಿಗೆ ಕರೆಯಿತು, ದಿಲ್ಲಿಯವರು ಮಾಸ್ಕೋದ ನಮ್ಮ ರಾಯಭಾರ ಕಚೇರಿಗೆ ಕಳಿಸಿದರು. ದೂರದ ಹಳ್ಳಿಗಾಡಿನಲ್ಲಿ ಸರ್ಕಾರ ಹೇಗೆ ನಡೆಯುತ್ತದೆ ಎಂದು ನೋಡಿಬರಬೇಕೆಂಬ ಆಸೆ ಅವರಿಗೆ. ಅಪ್ಪಣೆ ಬರುವುದರೊಳಗೆ ಒಂದು ಚಳಿಗಾಲವೇ ಕಳೆಯಿತು. ಬಂದ ಅಪ್ಪಣೆಯಲ್ಲಿ ನನ್ನ ಹೆಸರೂ ಇತ್ತು. ಅದೇ ನನ್ನ ಮೊದಲ ಪುಣ್ಯ.

ರೈಲಿನಲ್ಲಿ ನಮ್ಮ ಜೊತೆ ನೀನಾ ಎಂಬ ಹುಡುಗಿ ಇದ್ದಳು. ಇಂಗ್ಲಿಷು ಬಲ್ಲವಳು, ನಮಗೆ ದುಭಾಷಿ. ನನ್ನ ಇಂಗ್ಲಿಷು ಮಿಡ್ಲ್ ಸ್ಕೂಲಿನದು, ಅವಳದು ಪುಸ್ತಕದ್ದು. ಇಬ್ಬರೂ ಕೈಬಾಯಿ ಸೇರಿಸಿ ಸಂಭಾಳಿಸುತ್ತಿದ್ದೆವು. ಕಿಟಕಿಯ ಹೊರಗೆ ಕಾಡು, ಕಾಡು, ಮತ್ತೆ ಕಾಡು. ಬಿಳಿ ತೊಗಟೆಯ ಮರಗಳು ಸುಣ್ಣ ಹೊಡೆದ ಕಂಬಗಳ ಹಾಗೆ ನಿಂತಿದ್ದವು. ನಮ್ಮ ಕಡೆ ರೈಲಿನಲ್ಲಿ ಕೂತರೆ ಗುಂಡು ಬಂಡೆ, ಕೆರೆ ಏರಿ, ಮಾವಿನ ತೋಪು, ಊರು ಎಂದು ಕಣ್ಣಿಗೆ ಏನಾದರೂ ತಗಲುತ್ತದೆ. ಇಲ್ಲಿ ಒಂದು ಮನೆ ಕಂಡರೆ ಮಕ್ಕಳ ಹಾಗೆ ಬೆರಳು ತೋರಿಸುತ್ತಿದ್ದೆ.

"ಇಷ್ಟು ಕಾಡಿಗೆ ಶಾನುಭೋಗ ಯಾರು ರೀ?" ಎಂದು ಕೇಳಿದೆ.

"ಯಾರಾದ್ರೂ ಇರ್ಲಿ, ಪಾಪ, ಸರಪಳಿ ಹಿಡ್ಕೊಂಡು ಅಳೆಯೋಕೆ ಹೋದೋನು ಮನೆಗೆ ಬರೋ ಹೊತ್ಗೆ ಮಕ್ಕಳಿಗೆ ಮದುವೆ ಆಗಿರುತ್ತೆ" ಎಂದರು.

ಹುರಿಹಿಟ್ಟು, ಬೆಲ್ಲ, ನಮ್ಮ ತೋಪಿನ ಮಾವಿನಕಾಯಿಯ ಉಪ್ಪಿನಕಾಯಿ ಕಟ್ಟಿಕೊಂಡಿದ್ದೆ. ಅವಸರದಲ್ಲಿ ಅರಿಶಿನದ ಕೊಂಬು ಮಾಸ್ಕೋದಲ್ಲೇ ಉಳಿಯಿತು. ಪುಡಿ ಮಾತ್ರ ಜೊತೆಗಿತ್ತು.

ಹೊಳೆ

ರೈಲು ಇಳಿದ ಮೇಲೆ ಹಬೆ ದೋಣಿ. ಆ ಸೀಮೆಯಲ್ಲಿ ರಸ್ತೆ ಅಂದರೆ ಹೊಳೆಯೇ. ಊರುಗಳೆಲ್ಲ ಹೊಳೆಗೆ ಮುಖ ಮಾಡಿ ಕೂತಿವೆ. ಬೆನ್ನ ಹಿಂದೆ ಸ್ವಲ್ಪ ಹೊಲ, ಅದರ ಹಿಂದೆ ಜೌಗು, ಅದರ ಹಿಂದೆ ಮುಗಿಯದ ಕಾಡು. ಆರು ತಿಂಗಳು ಹೊಳೆ ಹೆಪ್ಪುಗಟ್ಟಿ ನಿಲ್ಲುತ್ತದಂತೆ, ಆಗ ಅದರ ಮೇಲೆ ಕುದುರೆ ಬಂಡಿ ಓಡುತ್ತದಂತೆ. ಮಂಜು ಕರಗುವ ಕಾಲದಲ್ಲಿ ಮಾತ್ರ ದೋಣಿಯೂ ಇಲ್ಲ, ಬಂಡಿಯೂ ಇಲ್ಲ, ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ. ಅಷ್ಟು ದಿನ ಸರ್ಕಾರ ಹೇಗೆ ನಡೆಯುತ್ತದೆ ಎಂದು ಯಜಮಾನರು ಕೇಳಿದ್ದಕ್ಕೆ ನೀನಾ, "ಟೆಲಿಫೋನಿನಲ್ಲಿ" ಎಂದಳು.

ಬೇಸಗೆಯಲ್ಲಿ ಹೊಳೆಯ ತುಂಬ ಮರದ ದಿಮ್ಮಿ. ಮೇಲಿನ ಕಾಡಿನಲ್ಲಿ ಕಡಿದು ನೀರಿಗೆ ಬಿಡುತ್ತಾರೆ, ಹೊಳೆಯೇ ಹೊತ್ತು ಸಮುದ್ರದ ದಾರಿಗೆ ತಲುಪಿಸುತ್ತದೆ. ನಮ್ಮ ದೋಣಿಗೆ ಒಂದೊಂದು ದಿಮ್ಮಿ ಬಂದು ಗುದ್ದಿದಾಗಲೂ ನಾನು ಕುರುಡುಮಲೆ ಗಣಪತಿಗೆ ಒಂದೊಂದು ತೆಂಗಿನಕಾಯಿ ಹರಸಿಕೊಳ್ಳುತ್ತಿದ್ದೆ.

"ಸಾಕು ಮಾಡೇ, ಮುಳಬಾಗಿಲಿನ ಅಂಗಡಿಗಳಲ್ಲಿ ಅಷ್ಟು ಕಾಯಿ ಇಲ್ಲ" ಎಂದರು.

ಅವರು ಜಿಲ್ಲೆಗೆ ಬೇರೆ ಹೆಸರು ಹೇಳುತ್ತಾರೆ, ಅದರ ಕೆಳಗಿನದು ರಾಯೋನ್. ನಮ್ಮ ತಾಲ್ಲೂಕು ಎಂದು ತಿಳಿದುಕೊಳ್ಳಿ. ಆದರೆ ಆ ಒಂದು ತಾಲ್ಲೂಕಿನೊಳಗೆ ನಮ್ಮ ಕೋಲಾರ ಜಿಲ್ಲೆಯನ್ನೇ ಇಟ್ಟು ಮಡಿಸಬಹುದು. ಜನ ಮಾತ್ರ ನಮ್ಮ ಶ್ರೀನಿವಾಸಪುರದ ಸಂತೆಗೆ ಸೇರುವವರಿಗಿಂತ ಹೆಚ್ಚಿರಲಾರರು. ರಾಯೋನಿನ ಕೆಳಗೆ ಹಳ್ಳಿಗಳ ಗುಂಪಿಗೊಂದು ಸೆಲ್‌ಸೊವೆತ್, ಅಂದರೆ ಹಳ್ಳಿ ಪಂಚಾಯಿತಿ. ಪಟೇಲ, ಶಾನುಭೋಗ, ತಳವಾರ ಮೂರೂ ಒಂದೇ ಕಡೆ. ಹುಟ್ಟು, ಸಾವು, ಮದುವೆ ಬರೆಯುವುದೂ ಅಲ್ಲೇ. ನಾವು ಇಳಿದ ಹಳ್ಳಿಯಲ್ಲಿ ಇಷ್ಟೂ ಕೆಲಸ ಮಾಡುತ್ತಿದ್ದವಳು ಅನ್ನಾ ಎಂಬ ಒಬ್ಬ ಹೆಂಗಸು.

ಅನ್ನಾಳ ಮನೆ

ಅನ್ನಾ ನನ್ನ ವಯಸ್ಸಿನವಳು. ಅಗಲ ಭುಜ, ಹೂವಿನ ತಲೆವಸ್ತ್ರ, ಬೆರಳಲ್ಲಿ ಉಂಗುರ. ದಂಡೆಗೆ ಬಂದು ನನ್ನ ಟ್ರಂಕನ್ನು ತಾನೇ ಹೆಗಲಿಗೇರಿಸಿಕೊಂಡು ನಡೆದಳು. ಯಜಮಾನರು ನಾಚಿ ಹಿಂದೆ ಹಿಂದೆ ಓಡಿದರು. ಮರದ ದಿಮ್ಮಿಗಳನ್ನೇ ಜೋಡಿಸಿ ಕಟ್ಟಿದ ದೊಡ್ಡ ಮನೆ. ಒಂದೇ ಸೂರಿನಡಿ ಈ ಕಡೆ ಮನುಷ್ಯರು, ಆ ಕಡೆ ಹಸು. ನಮ್ಮ ಹಳ್ಳಿಯ ಮನೆಗಳೂ ಹಾಗೇ ಅಲ್ಲವೇ? ಸೆಗಣಿ ವಾಸನೆ ಮೂಗಿಗೆ ಬಿದ್ದದ್ದೇ ನನಗೆ ತವರಿಗೆ ಬಂದ ಹಾಗಾಯಿತು.

ಮನೆಯಲ್ಲಿ ಅನ್ನಾ ಮತ್ತು ಅವಳ ಅತ್ತೆ, ಇಬ್ಬರೇ. ಅತ್ತೆ ಮುದುಕಿ ಮೂಲೆಯಲ್ಲಿ ದೇವರ ಪಟ ಇಟ್ಟು, ಕಸೂತಿ ಬಟ್ಟೆ ಹೊದಿಸಿ, ಪುಟ್ಟ ದೀಪ ಹಚ್ಚುತ್ತಿದ್ದರು. ನಾನು ಆ ಮೂಲೆಗೆ ಕೈಮುಗಿದೆ. ಅವರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಗಲ್ಲ ಸವರಿ, ಒಂದು ದೊಡ್ಡ ಲೋಟ ಹಾಲು ಕೊಟ್ಟರು. ಮಾಂಸ ತಿನ್ನುವುದಿಲ್ಲ ಎಂದು ನೀನಾ ಹೇಳಿದಾಗ ಅತ್ತೆಸೊಸೆ ಮುಖ ಮುಖ ನೋಡಿಕೊಂಡು ನಕ್ಕರು. ಯುದ್ಧ ಮುಗಿದಾಗಿನಿಂದ ಅವರೂ ಹೆಚ್ಚುಕಡಿಮೆ ತಿಂದಿರಲಿಲ್ಲವಂತೆ. ಆಲೂಗಡ್ಡೆ, ಕಪ್ಪು ರೊಟ್ಟಿ, ಕಾಡಿನ ಹಣ್ಣು, ಹುಳಿ ಬರಿಸಿದ ಅಂಬಲಿಯಂಥದ್ದು, ಹಾಲು. ನನಗೆ ಯಾವುದಕ್ಕೂ ಕೊರತೆಯಾಗಲಿಲ್ಲ. ಇದ್ದದ್ದರಲ್ಲಿ ನಮಗೆ ಮೊದಲು ಹಾಕಿ ಆಮೇಲೆ ತಾವು ತಿಂದರು. ಉಪ್ಪಿನಕಾಯಿ ಕೊಟ್ಟೆ. ಮುದುಕಿ ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಕೈ ಚಾಚಿದರು.

ಅಲ್ಲಿ ಯಾರನ್ನೂ ಬರೀ ಹೆಸರಿಂದ ಕರೆಯುವುದಿಲ್ಲ, ಅಪ್ಪನ ಹೆಸರನ್ನೂ ಸೇರಿಸುತ್ತಾರೆ. ನನ್ನ ತಂದೆ ಸುಬ್ಬರಾಯಪ್ಪ. ಹೀಗೆ ನಾನು ನಾಗರತ್ನ ಸುಬ್ಬರಾಯೊವ್ನಾ ಆದೆ. ಮದುವೆಯಾದ ಮೇಲೆ ಇಂಥವರ ಹೆಂಡತಿ, ಇಂಥವರ ಸೊಸೆ, ಇಂಥವರ ತಾಯಿ ಎಂದೇ ಕರೆಸಿಕೊಂಡವಳು. ನಮ್ಮಪ್ಪನನ್ನು ಕಾಣದ ಆ ದೂರದೇಶದಲ್ಲಿ ಒಬ್ಬ ಮುದುಕಿ ದಿನಕ್ಕೆ ಹತ್ತು ಸಲ ಅವನ ಹೆಸರು ಹಿಡಿದು ಕೂಗುವಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದೆ.

ಸೂರ್ಯನ ಗೊಂದಲ ಬೇರೆ. ಆ ದಿನಗಳಲ್ಲಿ ಅಲ್ಲಿ ಕತ್ತಲೆಯೇ ಆಗುವುದಿಲ್ಲ. ಮುಸ್ಸಂಜೆ ದೀಪ ಹಚ್ಚಬೇಕೆಂದು ಕಾದೆ, ಕಾದೆ, ಮುಸ್ಸಂಜೆ ಬರಲೇ ಇಲ್ಲ. ಕೊನೆಗೆ ಹಸು ಮನೆಗೆ ಬಂದದ್ದನ್ನೇ ಗೋಧೂಳಿ ಎಂದುಕೊಂಡು ಹಚ್ಚಿದೆ.

ಶನಿವಾರ

ಶನಿವಾರ ಬೆಳಿಗ್ಗೆ ಯಜಮಾನರು ನೀನಾಳ ಜೊತೆ ಮೋಟಾರು ದೋಣಿಯಲ್ಲಿ ಹೊಳೆಯ ಕೆಳಗಿನ ಕೊನೇ ಹಳ್ಳಿಯನ್ನು ನೋಡಲು ಹೊರಟರು. ಆ ಹಳ್ಳಿ ದಾಟಿದರೆ ಅನ್ನಾಳ ರಾಯೋನ್ ಮುಗಿದು ಪಕ್ಕದ್ದು ಶುರು. ನನಗೆ ದೋಣಿಯ ಓಲಾಟ ಇನ್ನೂ ತಲೆಯಿಂದ ಇಳಿದಿರಲಿಲ್ಲ, ಉಳಿದೆ. "ನಾಳೆ ಊಟದ ಹೊತ್ಗೆ ಬಂದ್ಬಿಡ್ತೀನಿ ಕಣೇ, ಆಲೂಗಡ್ಡೆಗೆ ಒಂದಿಷ್ಟು ಖಾರ ಹಾಕಿಟ್ಟಿರು" ಎಂದು ಹೇಳಿ ಹೋದರು.

ಶನಿವಾರ ಅವರಿಗೆ ಅಭ್ಯಂಜನದ ದಿನ. ಹೊಳೆ ದಂಡೆಯಲ್ಲಿ ಮನೆಗೊಂದು ಮರದ ಸ್ನಾನದ ಗುಡಿಸಲು, ಬಾನ್ಯಾ ಎನ್ನುತ್ತಾರೆ. ಒಳಗೆ ಕಲ್ಲುಗಳನ್ನು ಕೆಂಪಗೆ ಕಾಯಿಸಿ ನೀರು ಎರಚುತ್ತಾರೆ. ಆ ಹಬೆಯಲ್ಲಿ ಕೂತು, ಎಲೆಯ ಕಟ್ಟಿನಿಂದ ಮೈಯೆಲ್ಲ ಬಡಿದುಕೊಳ್ಳುತ್ತಾರೆ. ಅತ್ತೆಸೊಸೆ ಹುಟ್ಟಿದ ಮೈಯಲ್ಲೇ ಒಳಗೆ ನಡೆದರು. ನಾನು ಹಳೇ ಸೀರೆ ಸುತ್ತಿಕೊಂಡೇ ಹೋದೆ. ಬಾಗಿಲಲ್ಲಿ ಅನ್ನಾ ನನ್ನ ಕೊರಳಿಗೆ ಬೆರಳು ತೋರಿಸಿ, ತೆಗೆ ಎಂದು ಸನ್ನೆ ಮಾಡಿದಳು. ಮುದುಕಿ ತಮ್ಮ ಕೊರಳಿನ ಶಿಲುಬೆಯನ್ನು ಬಿಚ್ಚಿ ಗೂಟಕ್ಕೆ ತಗುಲಿಹಾಕಿ ನನಗೆ ತೋರಿಸಿದರು. ದೇವರದ್ದನ್ನು ಬೇಕಾದರೆ ತೆಗೆಯಬಹುದು, ಗಂಡ ಕಟ್ಟಿದ್ದನ್ನು ತೆಗೆಯುವುದುಂಟೇ? ಆಗುವುದಿಲ್ಲ ಎಂದು ತಲೆಯಾಡಿಸಿ ಒಳಗೆ ಹೋದೆ.

ಮೊದಲ ಸಲ ನೀರು ಎರಚಿದಾಗ ಸುಖವಾಗಿತ್ತು. ಎರಡನೇ ಸಲ ಎದೆಯ ಮೇಲೆ ಯಾರೋ ಬರೆ ಎಳೆದ ಹಾಗಾಯಿತು. ಹಬೆಯಲ್ಲಿ ಚಿನ್ನ ಕಾಯುತ್ತದೆ ಎಂಬ ಬುದ್ಧಿ ನನಗೆ ಎಲ್ಲಿಂದ ಬರಬೇಕು? ಕಿರುಚಿಕೊಂಡು ಹೊರಗೆ ಓಡಿಬಂದೆ. ಅನ್ನಾ ಹಿಂದೆಯೇ ಬಂದವಳು ಒಂದೇ ಕೈಯಲ್ಲಿ ಸರದ ಕೊಂಡಿ ಬಿಚ್ಚಿ, ಸುಟ್ಟ ಕಡೆ ತಣ್ಣೀರು ಹಾಕಿ, ಹುಳಿ ಕೆನೆ ಮೆತ್ತಿದಳು. ಎರಡು ತಾಳಿಯ ಗುರುತೂ ಎದೆಯ ಮೇಲೆ ಅಚ್ಚು ಒತ್ತಿದ ಹಾಗೆ ಕೂತಿತ್ತು.

ಗಾಯ ಒಣಗುವವರೆಗೆ ಹಾಕುವ ಹಾಗಿಲ್ಲ. ಅನ್ನಾ ಸರವನ್ನು ಕರವಸ್ತ್ರದಲ್ಲಿ ಕಟ್ಟಿ, ನನ್ನನ್ನೂ ಕರೆದುಕೊಂಡು ಪಂಚಾಯಿತಿಯ ಮನೆಗೆ ಹೋದಳು. ಅಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಸರ್ಕಾರದ ಮೊಹರಿನ ಪಕ್ಕದಲ್ಲಿಟ್ಟು ಬೀಗ ಹಾಕಿದಳು. ಅಷ್ಟಕ್ಕೆ ಬಿಡಲಿಲ್ಲ. ಮೇಜಿನ ಮುಂದೆ ಕೂತು ಒಂದು ಚೀಟಿ ಬರೆದು, ಅದಕ್ಕೆ ದುಂಡು ಮೊಹರು ಒತ್ತಿ ನನ್ನ ಕೈಗಿಟ್ಟಳು. ನನ್ನ ಮಾಂಗಲ್ಯಕ್ಕೆ ರಸೀದಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬರಿ ಕೊರಳಲ್ಲಿ ಇರಬಾರದಲ್ಲ. ಮನೆಗೆ ಬಂದು ಮುದುಕಿಯ ಹತ್ತಿರ ದಾರ ಕೇಳಿದೆ. ಅವರ ಹೊಲದಲ್ಲೇ ಬೆಳೆದ ನಾರಿನ ದಾರವಂತೆ, ಬೆಳ್ಳಗಿತ್ತು. ಅರಿಶಿನದ ಪುಡಿ ಕಲಸಿ ಹಚ್ಚಿ, ಸಡಿಲವಾಗಿ ಕೊರಳಿಗೆ ಕಟ್ಟಿಕೊಂಡೆ. ಪುಡಿಯಾದರೂ ಜೊತೆಗಿತ್ತಲ್ಲ ಎಂದು ದೇವರಿಗೆ ಕೈಮುಗಿದೆ.

ಆಗಲೇ ಗೋಡೆಯ ಮೇಲಿನ ಫೋಟೋ ಕಣ್ಣಿಗೆ ಬಿತ್ತು. ಸಿಪಾಯಿ ಟೋಪಿಯ ಗಂಡಸು. ಮಾಸ್ಕೋದ ಅಂಗಡಿಗಳಲ್ಲಿ ಕಲಿತ ನಾಲ್ಕು ಮಾತಿನಲ್ಲಿ ಗಂಡ ಎಂಬುದೂ ಒಂದು. "ಮೂಝ್?" ಎಂದು ಕೇಳಿದೆ. ಅನ್ನಾ ತಲೆಯಾಡಿಸಿ, "ಫ್ಯೋದರ್" ಎಂದಳು. ಆಮೇಲೆ, "ವೊಯ್ನಾ" ಎಂದಳು. ಯುದ್ಧ. ಎರಡು ಅಂಗೈ ಬಿಚ್ಚಿ ಖಾಲಿ ತೋರಿಸಿದಳು. ಸತ್ತ ಎಂಬ ಕಾಗದವೂ ಬಂದಿಲ್ಲ, ಇದ್ದಾನೆ ಎಂಬ ಕಾಗದವೂ ಬಂದಿಲ್ಲ ಎಂದು ನೀನಾ ಆಮೇಲೆ ಬಿಡಿಸಿ ಹೇಳಿದಳು.

ನಿಮ್ಮ ಮುಂದೆ ಮುಚ್ಚಿಡುವುದೇನು, ಕೊರಳಿನ ದಾರವನ್ನು ಬಿಗಿಯಾಗಿ ಹಿಡಿದುಕೊಂಡೆ. ನಮ್ಮ ಅತ್ತೆ ಕಿವಿಯಲ್ಲಿ ನಿಂತು, ತಾಳಿ ಬಿಚ್ಚಿ ಯಾರ ಕೈಗೆ ಕೊಟ್ಟೆಯೇ ಎಂದ ಹಾಗಾಯಿತು.

ಭಾನುವಾರ

ಆಲೂಗಡ್ಡೆಗೆ ಖಾರ ಹಾಕಿಟ್ಟೆ. ಊಟದ ಹೊತ್ತು ಬಂತು, ಹೋಯಿತು. ಆರಿದ್ದನ್ನು ಮತ್ತೆ ಬಿಸಿ ಮಾಡಿದೆ. ದಂಡೆಗೆ ಹೋಗಿ ನಿಂತೆ. ಹೊಳೆಯ ತುಂಬ ದಿಮ್ಮಿಗಳು ಒಂದರ ಬೆನ್ನು ಒಂದು ಹತ್ತಿ ಬರುತ್ತಿದ್ದವು. ದೋಣಿಯ ಸದ್ದಿಲ್ಲ. ಹಸು ಮನೆಗೆ ಬರುವ ಹೊತ್ತಾದಾಗ ಅನ್ನಾ ಬಂದು ನನ್ನ ಕೈಹಿಡಿದು ಪಂಚಾಯಿತಿಯ ಮನೆಗೆ ಎಳೆದುಕೊಂಡು ಹೋದಳು.

ಅಲ್ಲಿ ಗೋಡೆಗೆ ಒಂದು ಟೆಲಿಫೋನು, ಅದರ ಪಕ್ಕದಲ್ಲಿ ರಾಯೋನಿನ ನಕ್ಷೆ. ಉದ್ದಕ್ಕೂ ಹಸಿರು, ನಡುವೆ ಒಂದು ನೀಲಿ ಗೆರೆ, ಗೆರೆಯ ಪಕ್ಕ ಸಾಸಿವೆ ಚೆಲ್ಲಿದ ಹಾಗೆ ಊರುಗಳು. ಅನ್ನಾ ಹಿಡಿ ತಿರುಗಿಸಿ ಕೂಗಿ ಮಾತಾಡುವಳು, ಒಂದು ಊರಿನ ಮೇಲೆ ಬೆರಳಿಟ್ಟು ನನಗೆ ತೋರಿಸುವಳು. ಇವರು ಬೆಳಿಗ್ಗೆಯೇ ಹೊರಟರು ಎಂದು ಕೊನೇ ಹಳ್ಳಿಯವರು ಹೇಳಿದರು. ಅದು ನನಗೂ ಅರ್ಥವಾಯಿತು. ಅದರ ಮೇಲಿನ ಹಳ್ಳಿ: ನೆತ್. ಅದರ ಮೇಲಿನದು: ನೆತ್. ಆ ಭಾಷೆಯಲ್ಲಿ ಇಲ್ಲ ಎನ್ನುವ ಮಾತು ಎಷ್ಟು ಚಿಕ್ಕದು, ಎಷ್ಟು ಬೇಗ ಮುಗಿದುಹೋಗುತ್ತದೆ. ಮರ ಸಾಗಿಸುವ ಕಚೇರಿಯನ್ನು ಕೇಳಿದಳು. ಹೊಳೆಯ ಮೇಲಿನ ದಿಮ್ಮಿಗಳು ಅವರ ಸುಪರ್ದಿ, ದಂಡೆ ಮಾತ್ರ ರಾಯೋನಿನದು. ಅವರೂ ನೆತ್ ಎಂದರು.

ನಾನು ಬೆಂಚಿನ ಮೇಲೆ ಕೂತು ಅವಳ ಸೊಂಟದ ಬೀಗದ ಕೈಯನ್ನೇ ನೋಡುತ್ತಿದ್ದೆ. ತಾಳಿ ಬಿಚ್ಚಿದ ಮಾರನೇ ದಿನವೇ ಹೀಗಾಯಿತಲ್ಲ. ಆ ಪೆಟ್ಟಿಗೆ ತೆಗೆ, ನನ್ನದನ್ನು ನನಗೆ ಕೊಡು, ಗಾಯವಾದರೂ ಆಗಲಿ, ಎಂದು ಕೇಳಬೇಕು. ಅವಳೋ ಟೆಲಿಫೋನಿನ ಹಿಡಿ ಬಿಡುತ್ತಿಲ್ಲ. ಕೇಳಿದರೂ ಯಾಕೆ ಎಂದು ಯಾವ ಮುಖದಲ್ಲಿ ಹೇಳಲಿ?

ಕೊನೆಗೆ ನಕ್ಷೆಯ ಮೇಲೆ ಅವಳ ಬೆರಳು ನೀಲಿ ಗೆರೆಯ ತುದಿಗೆ ಬಂದು ನಿಂತಿತು. ಅಲ್ಲಿಗೆ ರಾಯೋನ್ ಮುಗಿಯಿತು. ಆಚೆ ಬರೀ ಬಿಳಿ ಕಾಗದ. ನಮ್ಮ ಗೌನಿಪಲ್ಲಿಯ ಗಡಿ ನನಗೆ ಗೊತ್ತಿಲ್ಲವೇ? ಒಮ್ಮೆ ನಮ್ಮ ಎತ್ತು ತಪ್ಪಿಸಿಕೊಂಡು ಮದ್ರಾಸು ಸೀಮೆಗೆ ಹೋದಾಗ ತಳವಾರ ಗಡಿ ಕಲ್ಲಿನವರೆಗೆ ಬಂದು, "ಇನ್ನ ಆ ಕಡೆ ನಂದಲ್ಲಮ್ಮ" ಎಂದು ಕೂತುಬಿಟ್ಟಿದ್ದ. ಎತ್ತು ಅಲ್ಲೇ, ಕಣ್ಣೆದುರಿಗೇ, ಆಚೆ ಹೊಲದಲ್ಲಿ ಮೇಯುತ್ತಿತ್ತು. ಇವಳೂ ಹಾಗೇ ಹೇಳಿಬಿಡುತ್ತಾಳೆ ಎಂದುಕೊಂಡೆ. ನನ್ನ ಬಾಯಿಂದ ತವರಿನ ತೆಲುಗು ಹೊರಟಿತು. "ಅಕ್ಕಾ, ಇಂಕೇಂ ಚೇಸೇದಿ?" ಇನ್ನೇನು ಮಾಡೋದು ಎಂದು. ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಒಬ್ಬರ ಮಾತೊಬ್ಬರಿಗೆ ತಿಳಿಯಲಿಲ್ಲ, ಇಬ್ಬರೂ ತಲೆಯಾಡಿಸಿದೆವು.

ಅವಳು ಬೆರಳನ್ನು ಬಿಳಿ ಕಾಗದದ ಮೇಲೆ ಜಾರಿಸಿದಳು. ನಕ್ಷೆ ಮುಗಿದರೂ ಹೊಳೆ ಹರಿಯುತ್ತದಲ್ಲ. ಆಮೇಲೆ ತಿಳಿದದ್ದು: ಪಕ್ಕದ ರಾಯೋನಿನ ಜೊತೆ ಮಾತಾಡಬೇಕಾದರೆ ಮೇಲಿನವರ ಮೂಲಕ ಹೋಗಬೇಕಂತೆ, ಭಾನುವಾರ ಮೇಲಿನವರು ಯಾರೂ ಇರುವುದಿಲ್ಲವಂತೆ. ಅನ್ನಾ ಟೆಲಿಫೋನು ಜೋಡಿಸುವ ಹುಡುಗಿಯನ್ನೇ ಹಿಡಿದಳು. ಗದರಿದಳು, ಬೇಡಿಕೊಂಡಳು, ಒಮ್ಮೆ ನಕ್ಕೂ ಬಿಟ್ಟಳು. ಆ ಹುಡುಗಿ ಮುಂದಿನ ಹುಡುಗಿಗೆ, ಅವಳು ಅದರ ಮುಂದಿನವಳಿಗೆ. ಮುಖ ಕಾಣದ ಹೆಂಗಸರು ಕೊಡ ದಾಟಿಸುವ ಹಾಗೆ ನನ್ನ ಗಂಡನನ್ನು ಕೇಳಿಕೊಂಡು ಗಡಿಯಾಚೆ ಹೋದರು. "ಇಂದೂಸ್" ಎಂಬ ಮಾತು ಮಾತ್ರ ನನಗೆ ಮತ್ತೆ ಮತ್ತೆ ಕೇಳಿಸುತ್ತಿತ್ತು. ಹಿಂದೂ ದೇಶದವನು ಎಂದು.

ಬಹಳ ಹೊತ್ತು ಬರೀ ಗರಗರ ಸದ್ದು. ಆಮೇಲೆ ಅನ್ನಾ ಟೆಲಿಫೋನನ್ನು ನನ್ನ ಕಿವಿಗೆ ಒತ್ತಿದಳು.

"ಏನೇ, ಊಟ ಆಯ್ತಾ?"

ಟೆಲಿಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಕೇಳಿಸ್ತಿದೆಯೇನೇ?"

"ಕೇಳಿಸ್ತಿದೆ ರೀ. ಎಲ್ಲಿದ್ದೀರಿ?"

"ಹೋಬಳಿ ದಾಟಿ ಬಂದ್ಬಿಟ್ಟಿದ್ದೀನಿ. ದಿಮ್ಮಿ ತಾಕಿ ಮೋಟಾರಿನ ರೆಕ್ಕೆ ಮುರೀತು, ಹೊಳೆ ಎಳ್ಕೊಂಡು ಬಂತು. ಮರ ಸಾಗಿಸೋರು ಕೊಕ್ಕೆ ಹಾಕಿ ದಡಕ್ಕೆ ಎಳೆದ್ರು. ಎಲ್ಲಾರೂ ಚೆನ್ನಾಗಿದ್ದೀವಿ. ನೀನಾಂದು ಒಂದು ಬೂಟು ಹೋಯ್ತು."

"ನಾನು ತಾಳಿ ತೆಗೆದಿದ್ದೆ ರೀ."

"ಯಾಕೆ, ನನ್ನ ಕೇಳದೇನೇ ತೀರ್ಮಾನ ಮಾಡ್ಬಿಟ್ಟೆಯಾ?"

"ಬಾನ್ಯಾದಲ್ಲಿ ಸುಟ್ಟುಹೋಯ್ತು."

"ತಾಳೀನಾ?"

"ನಾನು. ಕೆನೆ ಹಚ್ಚಿದ್ದಾರೆ."

"ಸದ್ಯ, ಒಗ್ಗರಣೆ ಹಾಕ್ಲಿಲ್ವಲ್ಲ" ಎಂದರು. ನಾನು ಅತ್ತುಬಿಟ್ಟೆ. ಮಾರನೇ ದಿನ ಮರದವರ ದೋಣಿಯಲ್ಲೇ ಬಂದು ಇಳಿದರು. ಅಂಗಿಯೆಲ್ಲ ಮರದ ಅಂಟು, ಮುಖವೆಲ್ಲ ಸೊಳ್ಳೆ ಕಡಿತ, ಬೇರೇನೂ ಆಗಿರಲಿಲ್ಲ.

ಅಂದು ನಾನು ಮಾತು ಮುಗಿಸಿದ ಮೇಲೆ ಅನ್ನಾ ಟೆಲಿಫೋನನ್ನು ಗೂಟಕ್ಕೆ ಹಾಕಲಿಲ್ಲ. ತಿರುಗಿ ತನ್ನ ಕಿವಿಗೇ ಹಿಡಿದುಕೊಂಡಳು. ಇಷ್ಟು ಹೊತ್ತು ಕೂಗಿದವಳು ಈಗ ಮೆಲ್ಲಗೆ, ಬಿಡಿಸಿ ಬಿಡಿಸಿ, ಒಂದು ಹೆಸರು ಹೇಳಿದಳು. ಫ್ಯೋದರ್. ಅವನ ಅಪ್ಪನ ಹೆಸರು. ಮನೆತನದ ಹೆಸರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾದ ಕಷ್ಟ ನನಗೆ ಬಂದೇ ಇಲ್ಲ. ಇವಳು ಇನ್ನೂ ಎಷ್ಟು ದೂರದ ಯಾರು ಯಾರಿಗೆ ಹೀಗೆ ಹೇಳಿದ್ದಳೋ. ಆ ಕಡೆಯ ಹೆಂಗಸು ಯಾರನ್ನೋ ವಿಚಾರಿಸಲು ಹೋದಳೆಂದು ತೋರುತ್ತದೆ. ಅನ್ನಾ ಗೋಡೆಗೆ ಹಣೆ ಆನಿಸಿ ಕಾದಳು. ಉತ್ತರ ನನಗೂ ಕೇಳಿಸಿತು. ಅದೇ ಚಿಕ್ಕ ಮಾತು.

ಥ್ಯಾಂಕ್ಸು ಹೇಳಿ ಟೆಲಿಫೋನು ಇಟ್ಟಳು. ತಲೆವಸ್ತ್ರ ಸರಿಮಾಡಿಕೊಂಡು, ಪೆಟ್ಟಿಗೆಯ ಬೀಗ ತೆಗೆದು, ಕರವಸ್ತ್ರದ ಗಂಟನ್ನು ಮೇಜಿನ ಮೇಲಿಟ್ಟಳು. ರಸೀದಿ ಕೇಳಿದಳು. ಕೊಟ್ಟೆ. ತೆಗೆದುಕೋ ಎಂದು ಗಂಟನ್ನು ನನ್ನ ಕಡೆ ಸರಿಸಿದಳು.

ನಾನು ತೆಗೆದುಕೊಳ್ಳಲಿಲ್ಲ. ಗಾಯದ ಮೇಲೆ ಸೆರಗನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡೆ. ಅವಳಿಗೆ ಬೆನ್ನು ಮಾಡಿ ನಿಂತು ಜಡೆಯನ್ನು ಮೇಲೆತ್ತಿ ಹಿಡಿದೆ. ಸ್ವಲ್ಪ ಹೊತ್ತು ಅವಳಿಗೆ ತಿಳಿಯಲಿಲ್ಲ. ಆಮೇಲೆ ಕೈ ಒರೆಸಿಕೊಂಡ ಸದ್ದು ಕೇಳಿಸಿತು. ಬೆರಳು ತಣ್ಣಗಿದ್ದವು, ಹಾಲಿನ ವಾಸನೆಯಿತ್ತು. ಕೊಂಡಿ ಸಿಕ್ಕಿಸಿದಳು, ಭದ್ರವಾಗಿದೆಯೋ ಇಲ್ಲವೋ ಎಂದು ಒಂದು ಸಲ ಎಳೆದು ನೋಡಿದಳು. ಮನಸ್ಸಿಗೆ ಸಾಲದೆ ಇನ್ನೊಂದು ಸಲ ಎಳೆದು ನೋಡಿದಳು.